ಹಿಂಡು ದಾಟುವವರೆಗೆ

ಕೆಂಪು ಬಾವುಟ ಕೈಗೆ ಬಂದಾಗ ಬೀರೇಶನಿಗೆ ರಸ್ತೆಯೇ ತನ್ನದಾದಂತೆ ಅನ್ನಿಸಿತ್ತು. ಕಾಲೇಜುಗಳ ಜಿಲ್ಲಾ ಮಟ್ಟದ ಗುಡ್ಡಗಾಡು ಓಟ ಈ ಸಲ ಹಿರಿಯೂರಿನಲ್ಲಿ. ಓಡುವ ಕಾಲು ಅವನಿಗಿರಲಿಲ್ಲ. ಸ್ವಯಂಸೇವಕನಾಗಿ ಹೆಸರು ಕೊಟ್ಟಿದ್ದ. ಊರ ಹೊರಗಿನ ತಿರುವಿನಲ್ಲಿ ನಿಂತು ವಾಹನ ತಡೆಯುವುದು, ಓಡುವವರಿಗೆ ದಾರಿ ಬಿಡಿಸುವುದು ಅವನ ಕೆಲಸ. ಹುಡುಗಿಯರಲ್ಲಿ ಮೊದಲು ಬಂದವಳೊಬ್ಬಳೇ ರಾಜ್ಯ ಮಟ್ಟಕ್ಕೆ ಹೋಗುತ್ತಾಳೆ ಎಂಬುದೂ ಅವನಿಗೆ ಗೊತ್ತಿತ್ತು.

ಮೊದಲ ಓಟಗಾರ್ತಿ ದೂರದ ಹುಣಸೆಮರದ ಹತ್ತಿರ ಕಾಣಿಸಿಕೊಂಡ ಹೊತ್ತಿಗೇ ಹೊಲದ ಕಡೆಯಿಂದ ಕುರಿಹಿಂಡು ಬಂತು. ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಈರಬಸಪ್ಪ, ಬೀರೇಶನ ಸ್ವಂತ ದೊಡ್ಡಪ್ಪ. ಜವನಗೊಂಡನಹಳ್ಳಿಯಿಂದ ಮೇವು ಹುಡುಕಿಕೊಂಡು ಇತ್ತ ಬಂದಿದ್ದ.

"ಲೇ ಬೀರ, ತಡೀಲೇನೋ?"

"ಇನ್ನೂ ದೂರ ಅವ್ರೆ. ಹೊಡ್ಕಂಡ್ ಹೋಗು ದೊಡ್ಡಪ್ಪ."

ಹಿಂಡು ರಸ್ತೆಗಿಳಿದರೆ ಲಾರಿಯ ಹಾರನ್ನು, ಬಸ್ಸಿನ ಕಿಟಕಿಯಿಂದ ಬೈಗುಳ, ದೊಡ್ಡಪ್ಪನ ಪರದಾಟ: ಬೀರೇಶ ಹುಟ್ಟಿದಾಗಿನಿಂದ ನೋಡಿದ್ದು ಇದನ್ನೇ. ಇವತ್ತು ಬಾವುಟ ತನ್ನ ಕೈಲಿತ್ತು. ಬೈಕುಗಳನ್ನೂ ಒಂದು ಟ್ರ್ಯಾಕ್ಟರನ್ನೂ ನಿಲ್ಲಿಸಿ, ದೊಡ್ಡಪ್ಪನನ್ನು ಮಂತ್ರಿಯಂತೆ ದಾಟಿಸತೊಡಗಿದ.

ಅಂದಾಜು ತಪ್ಪಿತು. ಹಿಂಡಿನ ಅರ್ಧ ಆಚೆ, ಅರ್ಧ ಈಚೆ ಇರುವಾಗಲೇ ಮಾಡದಕೆರೆಯ ಕಾವ್ಯಶ್ರೀ ಬಂದೇಬಿಟ್ಟಳು. ಅವಳ ಹಿಂದೆ ಹತ್ತಿರದಲ್ಲಿ ಯಾರೂ ಇರಲಿಲ್ಲ.

"ದಾರಿ ಬಿಡ್ರಿ! ಏ, ಬಿಡೋ!"

ಕುರಿಗಳ ನಡುವೆ ನುಗ್ಗಲು ಹೋದಳು. ಬೀರೇಶ ಬಾವುಟದ ಕೋಲನ್ನು ಅವಳ ಮುಂದೆ ಅಡ್ಡ ಹಿಡಿದ. ಯೋಚಿಸಿ ಹಿಡಿದದ್ದಲ್ಲ. ದಾಟುವ ಹಿಂಡನ್ನು ಸೀಳಬಾರದು. ಸೀಳಿದರೆ ಈಚೆಯ ಮರಿ ಅರಚುತ್ತದೆ, ಆಚೆ ಹೋದ ತಾಯಿ ತಿರುಗಿ ರಸ್ತೆಗೇ ನುಗ್ಗುತ್ತದೆ. ಅಕ್ಷರಕ್ಕಿಂತ ಮೊದಲು ಕಲಿತ ಪಾಠ ಅದು.

"ನಿಂತ್ಕಳ್ರಿ. ಪೂರ್ತಿ ದಾಟ್ಲಿ."

ಅವಳು ನಿಂತಲ್ಲೇ ಕುಣಿದಳು, ಬೈದಳು. ಕೊನೆಯ ಕುಂಟು ಕುರಿ ಆಚೆ ಸೇರುವಷ್ಟರಲ್ಲಿ ಚಿತ್ರದುರ್ಗದ ಶಾಲಿನಿ ಅವಳ ಪಕ್ಕಕ್ಕೆ ಬಂದಿದ್ದಳು. ನಿಂತಿದ್ದ ಕಾವ್ಯಶ್ರೀಯ ಕಾಲು ಬಿಗಿದುಕೊಂಡಿತ್ತು. ಮೈದಾನದಲ್ಲಿ ಶಾಲಿನಿ ಎರಡು ಮಾರು ಮುಂದೆ ಓಟ ಮುಗಿಸಿದಳು.

ಓಟದ ಉಸ್ತುವಾರಿ ಪಂಚಾಕ್ಷರಪ್ಪ ಮೇಷ್ಟ್ರದು. ಕಾವ್ಯಶ್ರೀಯ ದೂರು ಕೇಳಿ ಬೀರೇಶನನ್ನು ಶಾಮಿಯಾನದ ಕೆಳಗೆ ಕರೆಸಿದರು.

"ನೋಡಪ್ಪ, ನೀನು ನಿಲ್ಸಿದ್ರೆ ಅದು ನಮ್ಮ ತಪ್ಪು. ಈ ಹುಡುಗಿ ಹೆಸ್ರೂ ರಾಜ್ಯಕ್ಕೆ ಕಳಿಸ್ತೀನಿ. ಕುರಿ ತಾವೇ ಅಡ್ಡ ಬಂದಿದ್ರೆ ದಾರೀಲಿ ಕಲ್ಲು ಸಿಕ್ಕಂಗೆ, ಯಾರೇನು ಮಾಡಾಕಾಗಲ್ಲ. ಏನಾತು?"

"ಕುರಿ ಕಂಡ್ರೆ ಇವ್ನಿಗೆ ಮನೆ ನೆನಪಾಗ್ತೈತೆ ಸಾರ್," ಅಂದ ಬೀರೇಶನ ಹಾಸ್ಟೆಲಿನ ವಿನೋದ. ಸುತ್ತ ನಿಂತವರೆಲ್ಲ ನಕ್ಕರು.

ಆ ನಗು ಇನ್ನೂ ನಿಂತಿರಲಿಲ್ಲ. ಬೀರೇಶ ಹೇಳಿಬಿಟ್ಟ: "ತಾವೇ ನುಗ್ಗಿದ್ವು ಸಾರ್."

"ಸುಳ್ಳು! ಕೋಲು ಅಡ್ಡ ಹಿಡ್ದ ಸಾರ್," ಕಾವ್ಯಶ್ರೀ ಕೂಗಿದಳು.

ಮೇಷ್ಟ್ರು ವಿನೋದನ ಬೈಕು ಕಳಿಸಿ ಈರಬಸಪ್ಪನನ್ನೇ ಕರೆಸಿದರು. ಮುದುಕ ಚಪ್ಪಲಿ ಹೊರಗೆ ಬಿಟ್ಟು ನಿಂತ. ಕೇಳಿದ್ದಕ್ಕೆ ಒಂದೇ ಸಲ ಬೀರೇಶನ ಮುಖ ನೋಡಿದ.

"ನಂದೇ ತಪ್ಪು ಸಾಮಿ. ಈ ಹುಡುಗ ಬ್ಯಾಡ ಬ್ಯಾಡ ಅಂತ ಬಡ್ಕಂಡ. ನಾನೇ ಹೊಡ್ದೆ."

"ಕಣ್ಣು ಕಾಣಲ್ವೇನಯ್ಯ? ಒಂದು ಹುಡುಗಿ ವರ್ಷದ ಕಷ್ಟ ಹಾಳು ಮಾಡಿದ್ಯಲ್ಲ!" ಮೇಷ್ಟ್ರು ಗದರಿದರು.

ಈರಬಸಪ್ಪ ತಲೆ ತಗ್ಗಿಸಿ ಅಷ್ಟನ್ನೂ ಕೇಳಿದ. ಅವನೂ ಬೀರೇಶನೂ ಬಂಧುಗಳೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾವ್ಯಶ್ರೀ ಬ್ಯಾಗು ತೆಗೆದುಕೊಂಡು ಗೇಟಿನ ಕಡೆ ಕುಂಟುತ್ತಾ ಹೋದಳು.

ಬೀರೇಶ ದೊಡ್ಡಪ್ಪನ ಹಿಂದೆ ಓಡಿದ. "ಯಾಕಂಗಂದೆ ದೊಡ್ಡಪ್ಪ?"

"ಬೈಸ್ಕಳಾದು ನಂಗೇನ್ ಹೊಸ್ದೇನಲೇ? ನಿಂಗೆ ಹೊಸ್ದು, ಹೆದ್ರಿಕಂಡೆ." ಈರಬಸಪ್ಪ ಬಾಯಿಯ ಎಲೆಅಡಿಕೆ ಉಗಿದ. "ಬೈಗಳ ನಾನು ತಗಂಡೆ. ಆ ಹುಡ್ಗೀದು ಏನ್ ಮಾಡ್ತಿ?"

ಗೇಟಿನಾಚೆ ಹೊಸದುರ್ಗದ ಬಸ್ಸು ಹೊರಟಿತ್ತು. ಕಿಟಕಿಯಲ್ಲಿ ಕಾವ್ಯಶ್ರೀಯ ತಲೆ ಕಂಡಿತು. ಬೀರೇಶ ಓಡಿಹೋಗಿ ರಸ್ತೆಯ ನಡುವೆ ನಿಂತು, ಇನ್ನೂ ಕೈಲೇ ಇದ್ದ ಬಾವುಟ ಅಡ್ಡ ಹಿಡಿದ. ಬ್ರೇಕು ಕಿರುಚಿತು.

"ಸಾಯಾಕೆ ಬ್ಯಾರೆ ಗಾಡಿ ಸಿಗ್ಲಿಲ್ವೇನಲೇ?" ಡ್ರೈವರು ಅರಚಿದ.

ಬೀರೇಶ ಕಿಟಕಿಯ ಕೆಳಗೆ ಬಂದ. "ಇಳೀರಿ. ನಾನೇ ನಿಲ್ಸಿದ್ದು ಅಂತ ಸಾರ್‌ಗೆ ಹೇಳ್ತೀನಿ. ಆ ಕುರಿ ನಮ್ ದೊಡ್ಡಪ್ಪಂದು. ದಾಟ್ಸು ಅಂದಿದ್ದೂ ನಾನೇ."

"ಆವಾಗ ಬಾಯಾಗೆ ಏನಿಟ್ಕಂಡಿದ್ದೆ?"

ನಕ್ಕವರ ಮಾತು ಹೇಳಬಹುದಿತ್ತು. ಅದು ಅವಳಿಗೆ ಸಂಬಂಧವಿಲ್ಲದ್ದು.

"ಇಳಿಯಂಗಿದ್ರೆ ಇಳಿಯಮ್ಮ, ಟೈಮಾತು," ಅಂದ ಕಂಡಕ್ಟರ್.

ಅವಳು ಇಳಿದಳು. ಮೈದಾನದಲ್ಲಿ ಶಾಮಿಯಾನದ ಕಂಬ ಕೀಳುತ್ತಿದ್ದರು. ಮೇಷ್ಟ್ರು ಇನ್ನೂ ಅಲ್ಲೇ ಇದ್ದರು, ಪಕ್ಕದಲ್ಲಿ ವಿನೋದ ಮತ್ತು ಅದೇ ಗುಂಪು. ಅವರನ್ನು ಕಂಡು ಬೀರೇಶನ ಹೆಜ್ಜೆ ನಿಧಾನವಾಯಿತು.

"ನಡಿ ನಡಿ," ಅಂದಳು ಹಿಂದಿನಿಂದ ಕಾವ್ಯಶ್ರೀ. "ಮತ್ತೆ ನಿಲ್ಬ್ಯಾಡ."