ಮೂವತ್ತನೆಯ ಜೋಡಿ ಶೂ

ಟ್ರಸ್ಟಿನವರ ನಿಯಮ ಒಂದೇ: ಶಾಲೆಯಲ್ಲಿ ಕನಿಷ್ಠ ಮೂವತ್ತು ಬಡ ಮಕ್ಕಳಿರಬೇಕು. ಇದ್ದರೆ ವರ್ಷವಿಡೀ ಬೆಳಗಿನ ತಿಂಡಿ, ಜೊತೆಗೆ ಶೂ. ಮತ್ತಿಕೆರೆಯ ನಮ್ಮ ಪುಟ್ಟ ಕನ್ನಡ ಶಾಲೆಯಲ್ಲಿ ಇದ್ದದ್ದು ಇಪ್ಪತ್ತೊಂಬತ್ತು. ಜೂನ್‌ನಲ್ಲಿ ಸರ್ಫರಾಜನ ಮನೆಯವರು ಅವನನ್ನು ಶಾಲೆ ಬಿಡಿಸಿ ಗೊರಗುಂಟೆಪಾಳ್ಯಕ್ಕೆ ಹೋಗದಿದ್ದರೆ ಲೆಕ್ಕ ಸರಿಯಾಗಿರುತ್ತಿತ್ತು.

"ಒಂದ್ ಮಗು ಕಮ್ಮಿ ಆಯ್ತಲ್ಲ. ಮುಂದಿನ್ ವರ್ಷ ನೋಡೋಣ ಬಿಡಿ ಧನಲಕ್ಷ್ಮಿ ಮಿಸ್," ಎಂದರು ಹೆಡ್‌ಮಾಸ್ಟರ್ ಮಹಾಲಿಂಗಪ್ಪ.

ನನಗೆ ಮೈ ಉರಿದುಹೋಯಿತು. ಹಿಂದಿನ ದಿನವಷ್ಟೇ ಮೂರನೇ ಕ್ಲಾಸಿನ ಸ್ನೇಹಾ ಪ್ರಾರ್ಥನೆಯ ನಡುವೆ ತಲೆಸುತ್ತಿ ಬಿದ್ದಿದ್ದಳು. ಅವಳಮ್ಮ ಬೆಳಿಗ್ಗೆ ಆರಕ್ಕೇ ಸಂಜಯನಗರದ ಮನೆಗಳಿಗೆ ಪಾತ್ರೆ ತೊಳೆಯಲು ಹೋಗುತ್ತಾಳೆ. ಮಗಳ ಹೊಟ್ಟೆಗೆ ಬರೀ ಟೀ. ಹೊಟ್ಟೆ ಮುಂದಿನ ವರ್ಷದವರೆಗೆ ಕಾಯುತ್ತದೆಯೇ? ಅವರ ಕೈಯಿಂದ ಟ್ರಸ್ಟಿನ ಅರ್ಜಿ ಕಿತ್ತುಕೊಂಡು, ನಾನೇ ಕುಳಿತು ಮೂವತ್ತನೆಯ ಹುಡುಗಿಯನ್ನು ಹುಟ್ಟಿಸಿದೆ. ಹೆಸರು ಇಂದು. ಮೂರನೇ ಕ್ಲಾಸು. ಓದಿದವರಿಗೆ ಕರುಣೆ ಬರಲಿ ಎಂದು ತಾಯಿಯೂ ಇಲ್ಲ, ತಂದೆಯೂ ಇಲ್ಲ ಎಂದು ಬರೆದೆ. ಪೋಷಕರ ಫೋನ್ ನಂಬರ್ ಎಂಬಲ್ಲಿ ನನ್ನದೇ ನಂಬರ್. ಮನೆಯ ವಿಳಾಸ ಏನೂ ಹೊಳೆಯಲಿಲ್ಲ, ಖಾಲಿ ಬಿಟ್ಟೆ.

ಶೂ ಅಳತೆಗೆ ಪ್ರತಿ ಮಗುವಿನ ಎರಡೂ ಪಾದಗಳನ್ನು ಹಾಳೆಯ ಮೇಲಿಟ್ಟು, ಸುತ್ತ ಪೆನ್ಸಿಲ್ಲಿನ ಗೆರೆ ಎಳೆದು ಕಳಿಸಬೇಕಿತ್ತು. ಇಂದುವಿಗೆಂದು ಸ್ನೇಹಾಳ ಕಾಲನ್ನೇ ಇನ್ನೊಮ್ಮೆ ಇಡಿಸಿದೆ. ಅವಸರದಲ್ಲಿ ಎರಡು ಸಲವೂ ಬಲಗಾಲೇ. ಆಮೇಲೆ ಕಣ್ಣಿಗೆ ಬಿತ್ತು. ಇಲ್ಲದವಳಿಗೆ ಎಡವೇನು ಬಲವೇನು ಎಂದು ಹಾಗೇ ಲಕೋಟೆಗೆ ಹಾಕಿದೆ.

ತಿಂಡಿ ಶುರುವಾಯಿತು. ಉಪ್ಪಿಟ್ಟಿನ ವಾಸನೆಗೆ ಮಕ್ಕಳು ಬೆಲ್ಲಿಗೆ ಮೊದಲೇ ಬರತೊಡಗಿದರು. ಸ್ನೇಹಾಳ ಕೆನ್ನೆ ತುಂಬಿತು. ನನ್ನ ಸುಳ್ಳಿನ ಬಗ್ಗೆ ನನಗೆ ಹೆಮ್ಮೆಯೇ ಆಯಿತು. ಶೂಗಳೂ ಬಂದವು, ಇಂದುವಿನ ಡಬ್ಬದಲ್ಲಿ ಎರಡೂ ಬಲಗಾಲಿನವು. ಅದನ್ನು ಬೀರುವಿನ ಮೇಲೆ ಎಸೆದು ಮರೆತೆ.

ಒಂದು ದಿನ ಅಡುಗೆಯ ಮಾರಮ್ಮನನ್ನು ಕೇಳಿದೆ. "ದಿನಾ ಒಂದ್ ತಟ್ಟೆ ತಿಂಡಿ ಉಳಿಯುತ್ತಲ್ಲ, ಏನ್ ಮಾಡ್ತೀಯ?"

"ಎಲ್ಲುಳೀತದೆ ಮಿಸ್? ಮೂವತ್ ತಟ್ಟೇನೂ ಎಂಜ್ಲಾಗೇ ಬತ್ತವೆ. ತೊಳ್ಯೋಳು ನಾನಲ್ವಾ?"

ಯಾರೋ ಎರಡು ಸಲ ತಿನ್ನುತ್ತಿರಬೇಕು, ತಿನ್ನಲಿ ಎಂದುಕೊಂಡೆ. ಆದರೂ ಕುರ್ಚಿ ಹತ್ತಿ ಬೀರುವಿನ ಮೇಲೆ ನೋಡಿದೆ. ಡಬ್ಬ ಇತ್ತು. ಶೂ ಇರಲಿಲ್ಲ.

ಡಿಸೆಂಬರಿನಲ್ಲಿ ಟ್ರಸ್ಟಿನ ಯೋಗಾನಂದ ತಪಾಸಣೆಗೆ ಬಂದರು. ಒಬ್ಬರು ಕಮ್ಮಿಯಾದರೂ ತಿಂಡಿ ನಿಲ್ಲುತ್ತದೆ. ಇಂದುವಿಗೆ ಜ್ವರ ಎನ್ನಲು ನಾನು ಸಿದ್ಧಳಾಗಿದ್ದೆ, ಆದರೆ ಇವರು ಮನೆಗೇ ಹೋಗಿ ನೋಡುವ ಆಸಾಮಿ ಎಂದು ಕೇಳಿದ್ದೆ. ಅವರು ಒಂದೊಂದೇ ಹೆಸರು ಕೂಗಿದರು.

"ಇಂದು."

"ಪ್ರೆಸೆಂಟ್ ಸಾರ್."

ಕೊನೆಯ ಬೆಂಚಿನಲ್ಲಿ ಒಬ್ಬಳು ಎದ್ದು ನಿಂತಿದ್ದಳು. ಸ್ನೇಹಾಳಷ್ಟೇ ಎತ್ತರ. ಮಕ್ಕಳು ಯಾರೂ ತಿರುಗಿ ನೋಡಲಿಲ್ಲ. ಅವಳು ದಿನಾ ಇರುವವಳು ಎಂಬಂತೆ ಕುಳಿತಿದ್ದರು. ನಾನು ಮಾತ್ರ ಅವಳನ್ನು ಎಂದೂ ಕಂಡಿರಲಿಲ್ಲ. ಯೋಗಾನಂದ ಇನ್ನೊಂದು ವರ್ಷಕ್ಕೆ ಸಹಿ ಮಾಡಿ, ಕಾಫಿ ಕುಡಿದು ಹೋದರು.

ನಾಲ್ಕಕ್ಕೆ ಬೆಲ್ಲಾಗಿ ಎಲ್ಲರೂ ಹೊರಟರು. ಬೀಗ ಹಾಕಲು ನಾನು ಕ್ಲಾಸಿಗೆ ಬಂದಾಗ ಮಾರಮ್ಮ ನೆಲ ಒರೆಸಿ ಹೋಗಿದ್ದಳು. ಒದ್ದೆ ನೆಲದ ಮೇಲೆ ಬಾಗಿಲಿನಿಂದ ಕೊನೆಯ ಬೆಂಚಿನವರೆಗೆ ಪುಟ್ಟ ಶೂ ಗುರುತುಗಳು. ಬಲ, ಬಲ, ಬಲ, ಬಲ. ಅಲ್ಲಿ ಆ ಹುಡುಗಿ ಕೈಕಟ್ಟಿಕೊಂಡು ಕುಳಿತಿದ್ದಳು.

ಓಡಿಹೋಗಬೇಕಿತ್ತು. ಇಪ್ಪತ್ತು ವರ್ಷ ಪಾಠ ಮಾಡಿದ ಬಾಯಿ, ಅಭ್ಯಾಸದ ಮಾತನ್ನೇ ಆಡಿತು.

"ಬೆಲ್ ಆಯ್ತಲ್ಲಮ್ಮ. ಮನೆಗೆ ಹೋಗಲ್ವಾ?"

"ಮನೆ ಎಲ್ಲಿ ಅಂತ ನೀವು ಬರೀಲೇ ಇಲ್ಲ ಮಿಸ್," ಎಂದಳು. ದನಿಯಲ್ಲಿ ದೂರು ಇರಲಿಲ್ಲ. "ನಿಮ್ ನಂಬರ್ ಮಾತ್ರ ಬರ್ದಿದ್ರಿ. ಅದಕ್ಕೇ ದಿನಾ ಇಲ್ಲೇ ಇರ್ತೀನಿ."

ಭಯಕ್ಕಿಂತ ನಾಚಿಕೆ ಹೆಚ್ಚಾಯಿತು. ಇಪ್ಪತ್ತೊಂಬತ್ತು ಮಕ್ಕಳ ಹೊಟ್ಟೆ ತುಂಬಿಸಲು ಈ ಒಂದು ಮಗುವಿನ ಅಪ್ಪ ಅಮ್ಮನನ್ನು ಒಂದೇ ಸಾಲಿನಲ್ಲಿ ಇಲ್ಲವಾಗಿಸಿದ್ದೆ. ಬೀಗದ ಕೈ ನನ್ನ ಕೈಯಲ್ಲಿತ್ತು. ಇಷ್ಟು ದಿನ ಪ್ರತಿ ಸಂಜೆ ಅವಳನ್ನು ಒಳಗಿಟ್ಟು ಬೀಗ ಹಾಕಿಕೊಂಡು ಹೋಗಿದ್ದವಳು ನಾನೇ.

"ಬಾ," ಎಂದೆ.

ಅವಳು ಎದ್ದು, ಕುಂಟುತ್ತ ನನ್ನ ಹಿಂದೆ ಬಂದಳು.