ಸುಬೇದಾರರ ಭಾನುವಾರದ ಪೆರೇಡು

ನಿವೃತ್ತ ಸುಬೇದಾರ್ ಚಲುವರಾಜು ಅವರಿಗೆ ಒಂದು ಗಟ್ಟಿ ನಂಬಿಕೆ ಇತ್ತು. ಬೆಳಗ್ಗೆ ಎದ್ದು ಗಡ್ಡ ಹೆರೆದುಕೊಂಡ ಗಂಡಸು ಆ ದಿನ ಸಾಯುವ ಯೋಚನೆ ಮಾಡುವುದಿಲ್ಲ ಎಂಬ ನಂಬಿಕೆ. ಇದನ್ನು ಅವರು ಯಾವ ಡಾಕ್ಟರ ಬಳಿಯೂ ಕಲಿತದ್ದಲ್ಲ. ಪಟಾಲಮ್ಮಿನಲ್ಲಿ ವರ್ಷಗಟ್ಟಲೆ ಜವಾನರ ಗಲ್ಲ ನೋಡಿ ನೋಡಿ ತಾವೇ ಕಂಡುಕೊಂಡದ್ದು. ಅದೊಂದರ ಮೇಲೆ ನಾಲ್ಕು ತಾಲ್ಲೂಕಿನ ಮಾಜಿ ಸೈನಿಕರ ಜೀವ ಕಾಯುವ ಕಾರ್ಯಕ್ರಮವನ್ನೇ ಕಟ್ಟಿ ನಿಲ್ಲಿಸಿದ್ದರು. ನಗಬೇಡಿ. ಆಗ ಯಾರೂ ನಕ್ಕಿರಲಿಲ್ಲ. ಮಾಜಿ ಸೈನಿಕರ ಸಂಘದ ಅಧ್ಯಕ್ಷರಾದ ಕರ್ನಲ್ ರಘುನಂದನ್ ಅವರಂತೂ ಬೆನ್ನು ತಟ್ಟಿದ್ದರು.

ಕಾರ್ಯಕ್ರಮ ಶುರುವಾದದ್ದು ತೊಂಬತ್ಮೂರರಲ್ಲಿ. ಶಾಂತಿಪಡೆಯ ಜೊತೆ ಲಂಕೆಯ ಯುದ್ಧಕ್ಕೆ ಹೋಗಿ ಬಂದವರು ಒಬ್ಬೊಬ್ಬರಾಗಿ ಪಿಂಚಣಿ ತೆಗೆದುಕೊಂಡು ಊರು ಸೇರಿದ್ದ ಕಾಲ. ಆ ವರ್ಷ ನಾಗಮಂಗಲದ ಕಡೆ ಇಬ್ಬರು, ಸುಬೇದಾರರ ಊರಾದ ಪಾಂಡವಪುರದ ಬಗಲಲ್ಲೇ ದೇವಯ್ಯ ಎಂಬ ಹವಾಲ್ದಾರ, ತಮ್ಮ ಕೈಯಾರೆ ಜೀವ ಕಳೆದುಕೊಂಡರು. ಪೊಲೀಸರು ಬಂದಾಗ ಮನೆಯವರು ಹೊಟ್ಟೆನೋವು ಎಂದರು. ಊರಿನವರೂ ತಲೆ ಆಡಿಸಿ ಹೊಟ್ಟೆನೋವು ಎಂದರು. ನಮ್ಮ ಸೀಮೆಯಲ್ಲಿ ಹಾಗೆ ಸತ್ತವರಿಗೆಲ್ಲ ಇರುವುದು ಅದೊಂದೇ ಕಾಯಿಲೆ. ದೇವಯ್ಯನ ಮಣ್ಣಿಗೆ ಹೋಗಿ ಬಂದ ಚಲುವರಾಜು ಮಾತ್ರ ಆ ಹೊಟ್ಟೆನೋವನ್ನು ನಂಬಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಿ ಕರ್ನಲ್ಲರ ಮುಂದೆ ನಿಂತು, ಈ ಕೆಲಸ ನನಗೆ ಕೊಡಿ ಎಂದು ಕೇಳಿ ಪಡೆದರು.

ನಿಜ ಹೇಳಬೇಕೆಂದರೆ ಆ ಕೆಲಸ ಅವರಿಗೂ ಬೇಕಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಬೆಳಗ್ಗೆ ಎದ್ದು ಯಾಕೆ ಶರ್ಟಿಗೆ ಇಸ್ತ್ರಿ ಹಾಕಬೇಕು ಎಂದು ಗೊತ್ತಾಗದೆ ಕೂತಿದ್ದ ಮನುಷ್ಯ. ಸಂಚಾಲಕರೆಂಬ ಹೆಸರು ಬಂದದ್ದೇ ಮೀಸೆ ಮತ್ತೆ ಮೇಲಕ್ಕೆ ತಿರುಗಿತು. ಹಳೆಯ ಸ್ಕೂಟರಿಗೆ ಹೊಸ ಸೀಟು ಬಂತು. ತಿಂಗಳ ಮೊದಲ ಭಾನುವಾರ ಶ್ರೀರಂಗಪಟ್ಟಣದಲ್ಲಿ ಸಂಘದ ಶೆಡ್ಡಿನ ಮುಂದೆ ಎಲ್ಲರೂ ಸೇರಬೇಕೆಂದು ಹುಕುಂ ಆಯಿತು. ನಾಗಮಂಗಲದವರು ಮೊದಲ ಬಸ್ಸು ಹಿಡಿದು ಬರುತ್ತಿದ್ದರು, ಕೆ.ಆರ್. ಪೇಟೆಯವರು ಲಾರಿಯಲ್ಲಾದರೂ ನೇತಾಡಿಕೊಂಡು ಬರುತ್ತಿದ್ದರು. ಕರಿಘಟ್ಟದ ಮೇಲೆ ಬಿಸಿಲೇರುವ ಹೊತ್ತಿಗೆ ಸಾಲು ನಿಂತಿರಬೇಕು. ಚಲುವರಾಜು ಒಬ್ಬೊಬ್ಬರ ಗಲ್ಲ, ಕಾಲರು, ಶೂ ನೋಡಿಕೊಂಡು ಬಂದು ಸಾಲಿನ ತುದಿಯಲ್ಲಿ ನಿಂತು ಗುಡುಗುತ್ತಿದ್ದರು. "ಕೋಯೀ ತಕ್ಲೀಫ್?"

"ನಹೀ ಸಾಬ್!" ಎಂದು ಸಾಲು ಒಂದೇ ಕಂಠದಲ್ಲಿ ಕೂಗುತ್ತಿತ್ತು. ಯಾರಿಗೂ ಏನೂ ತೊಂದರೆಯಿಲ್ಲವೆಂದು ಗೊತ್ತಾದ ಮೇಲೆ ಉಪ್ಪಿಟ್ಟು, ಟೀ. ಎರಡನೆಯ ವರ್ಷ ಒಬ್ಬರೂ ಸಾಯಲಿಲ್ಲ. ಕರ್ನಲ್ಲರು ಎಲ್ಲ ಸಭೆಯಲ್ಲೂ ಅದನ್ನೇ ಹೇಳಿ ಹೇಳಿ, ಸಾವು ಸುಬೇದಾರರ ಮೀಸೆಗೆ ಹೆದರಿ ಕಾವೇರಿ ದಾಟಿ ಓಡಿಹೋಗಿದೆ ಎಂದು ಎಲ್ಲರೂ ನಂಬಿಬಿಟ್ಟರು. ಎಲ್ಲರಿಗಿಂತ ಹೆಚ್ಚಾಗಿ ಸುಬೇದಾರರೇ ನಂಬಿದರು.

ಹೀಗಿರುವಾಗ ಒಂದು ದಿನ ಕಿಕ್ಕೇರಿಯಿಂದ ಮಂಚಮ್ಮ ಬಂದಳು. ಅವಳ ಗಂಡ ಮುದ್ದಯ್ಯ ಲಂಕೆಯಲ್ಲಿ ಚಲುವರಾಜು ಅವರ ಕೈಕೆಳಗೇ ಸಿಪಾಯಿಯಾಗಿದ್ದವನು. ಪೆರೇಡಿಗೆ ತಪ್ಪದೆ ಬರುವವನು, ಎಲ್ಲರಿಗಿಂತ ನುಣ್ಣಗೆ ಹೆರೆದ ಗಲ್ಲ ಅವನದೇ. ಮಂಚಮ್ಮ ಪಾಂಡವಪುರದ ಮನೆಯ ಹೊಸಿಲಿನ ಹೊರಗೇ ನಿಂತು ಸೆರಗಿನ ತುದಿ ಹಿಂಡುತ್ತಿದ್ದಳು.

"ವಸಿ ನಮ್ಮಟ್ಟಿಗೆ ಬಂದು ಅವರ್ನ ಇಚಾರುಸ್ಬೇಕು ಸಾಹೇಬ್ರೆ. ರಾತ್ರಿ ಎಲ್ಲ ಎದ್ದು ಕುಂತಿರ್ತಾರೆ. ಮಾತೇ ಇಲ್ಲ. ಕಟ್ಕೊಂಡಿದ್ದ ವಾಚು ಬಿಚ್ಚಿ ನನ್ ತಮ್ಮುಂಗೆ ಕೊಟ್ಬುಟ್ರು. ಇನ್ನು ನಂಗ್ಯಾಕೆ ಟೇಮು ಅಂತಾರೆ. ನಂಗೆ ಭಯ ಆಯ್ತದೆ."

"ಏನಮ್ಮಾ, ಮೊನ್ನೆ ಭಾನುವಾರ ನೋಡಿದ್ದೀನಿ. ಎಷ್ಟು ಚೆನ್ನಾಗಿದ್ದ!"

"ನಿಮ್ ಮುಂದೆ ಚೆನ್ನಾಗೇ ಇರ್ತಾರೆ ಕಣೇಳಿ" ಎಂದಳು ಮಂಚಮ್ಮ.

ಆ ಮಾತನ್ನು ಅವರು ಹೊಗಳಿಕೆ ಎಂದುಕೊಂಡರು. ಗುರುವಾರ ಬರುತ್ತೇನೆ ಎಂದು ಕಳಿಸಿದರು. ಮಿಲಿಟರಿಯಲ್ಲಿ ತಪಾಸಣೆ ಎಂದರೆ ಮುಂಚೆ ತಿಳಿಸಿಯೇ ಬರಬೇಕು. ಅದಕ್ಕೇ ಕಿಕ್ಕೇರಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಮುದ್ದಯ್ಯನಿಗೂ ಹೇಳಿ ಕಳಿಸಿದರು, ಗುರುವಾರ ಸುಬೇದಾರ್ ಸಾಹೇಬರು ಬರ್ತಾರೆ ಅಂತ.

ಗುರುವಾರ ಸ್ಕೂಟರು ಬೀದಿಗೆ ತಿರುಗುವ ಮೊದಲೇ ಮುದ್ದಯ್ಯ ಬಾಗಿಲಲ್ಲಿ ನೆಟ್ಟಗೆ ನಿಂತಿದ್ದ. ಗಲ್ಲ ನುಣುಪು, ಶರ್ಟಿನ ತೋಳಿನ ಗೆರೆ ಕೈ ಕುಯ್ಯುವಷ್ಟು ಚೂಪು, ಶೂಗಳಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಅಂಗಳ ಗುಡಿಸಿತ್ತು. ಹೂವಿನ ಕುಂಡಗಳ ಸಾಲಿಗೆ ಸುಣ್ಣ ಬಳಿದಿತ್ತು. ಕೋಳಿ ಸಾರು, ಮುದ್ದೆ ಆಯಿತು. ಚಲುವರಾಜು ಹೊಟ್ಟೆ ತುಂಬ ಉಂಡು ಕೇಳಿದರು.

"ನಿದ್ದೆ ಮಾಡ್ತಿದ್ದೀಯೇನ್ಲಾ?"

"ಠೀಕ್ ಹೈ ಸಾಬ್."

"ಮನಸ್ಸಿಗೆ ಏನಾದ್ರೂ?"

"ಠೀಕ್ ಹೈ ಸಾಬ್."

ಮುಗಿಯಿತು. ಇದಕ್ಕಿಂತ ಇನ್ನೇನು ಕೇಳಬೇಕು? ಹೊರಡುವಾಗ ಮಂಚಮ್ಮನನ್ನು ಬಳಿಗೆ ಕರೆದು, ಇಲ್ಲದ್ದನ್ನೆಲ್ಲ ತಲೆಗೆ ಹಚ್ಚಿಕೊಂಡು ಗಂಡನ ಹೆಸರು ಕೆಡಿಸಬೇಡ ಎಂದು ಬುದ್ಧಿ ಹೇಳಿದರು. ಅವಳು ಎಂಜಲು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮುಂದಿನ ವಾರ ಮುದ್ದಯ್ಯ ಹೇಮಾವತಿ ನಾಲೆಗೆ ಹಾರಿದ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೀರೆಗಳನ್ನು ಗಂಟು ಹಾಕಿ ಎಸೆದು, ಕೂಗಿ ಜನ ಸೇರಿಸಿ, ಎಳೆದುಹಾಕಿದರು. ಜೀವ ಉಳಿಯಿತು. ಸುದ್ದಿ ಕೇಳಿದ ಚಲುವರಾಜು ಒಂದೇ ಉಸಿರಿಗೆ ಕೆ.ಆರ್. ಪೇಟೆ ಆಸ್ಪತ್ರೆಗೆ ಹೋದರು. ಅಲ್ಲಿ ಬಾಗಿಲ ಬಳಿ ಸಿಕ್ಕವರು ಒಂದು ಮಾತು ಹೇಳಿದರು. ನಾಲೆಯ ಕಡೆಗೆ ಹೊರಡುವ ಮುಂಚೆ ಮುದ್ದಯ್ಯ ಬಿಸಿನೀರು ಕಾಯಿಸಿಕೊಂಡು ನುಣ್ಣಗೆ ಗಡ್ಡ ಹೆರೆದುಕೊಂಡಿದ್ದನಂತೆ. ಪಾಲಿಶ್ ಮಾಡಿದ ಶೂಗಳನ್ನು ಏರಿಯ ಮೇಲೆ ಜೋಡಿಸಿಟ್ಟಿದ್ದನಂತೆ.

ವಾರ್ಡಿನೊಳಕ್ಕೆ ಕಾಲಿಟ್ಟರು. ಮಂಚದ ಮೇಲೆ ಬಿದ್ದಿದ್ದ ಮುದ್ದಯ್ಯ ಅವರನ್ನು ಕಂಡದ್ದೇ ಏಳಲು ಹೋದ. ಕೈಗೆ ಚುಚ್ಚಿದ್ದ ಗ್ಲೂಕೋಸಿನ ಸೂಜಿ ಕಿತ್ತು ರಕ್ತ ಮೊಳಕೈವರೆಗೆ ಹರಿಯಿತು. ಹಾಗೆಯೇ ಎರಡು ಕಾಲೂ ನೆಲಕ್ಕೆ ಇಳಿಸಿ, ಹಿಮ್ಮಡಿ ಕೂಡಿಸಿ, ತೊದಲಿದ. "ಠೀಕ್ ಹೈ ಸಾಬ್."

ನರ್ಸು ಓಡಿಬಂದಳು. ಮಂಚಮ್ಮ ಚಲುವರಾಜು ಅವರ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಹೆಂಗಸೊಬ್ಬಳು ತೋಳು ಹಿಡಿದು ಎಳೆದದ್ದು ಅವರ ಜನ್ಮದಲ್ಲಿ ಅದೇ ಮೊದಲು.

"ನೀವು ಬತ್ತೀರ ಅಂದ್ರೆ ಎಲ್ಡು ದಿನದಿಂದ ಇಸ್ತ್ರಿ ಮಾಡ್ತಾ ಕುಂತ್ಕತಾರೆ. ಬಂದು ಓದ್ ಮ್ಯಾಲೆ ಮೂಲೇಲಿ ಕುಂತು ನಡುಗ್ತಾರೆ. ಸಾಬ್ರ ಮುಂದೆ ಅಳಂಗಿಲ್ಲ, ಅತ್ರೆ ಪಟಾಲಮ್ಮಿನ ಮಾನ ಓಯ್ತದೆ ಅಂತಾರೆ. ಡಾಕ್ಟ್ರು ಮೈಸೂರಿಗೆ ಕರ್ಕೊಂಡೋಗು, ಮನಸಿನ ಡಾಕ್ಟ್ರವ್ರೆ ಅಂದವ್ರೆ. ನಾನು ಕರ್ಕೊಂಡೋಯ್ತೀನಿ. ನಿಮ್ಮ ದಮ್ಮಯ್ಯ, ನೀವು ಮಾತ್ರ ಬರ್ಬ್ಯಾಡಿ."

"ನಾನು ಅವನನ್ನ ಉಳಿಸಬೇಕು ಅಂತಲೇ ಅಲ್ವೇನಮ್ಮಾ…"

"ಬರ್ದಿದ್ರೆ ಉಳೀತಾರೆ" ಎಂದಳು ಮಂಚಮ್ಮ.

ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಊಟ ತಿಂಡಿ ಬಿಟ್ಟು ಊರೂರು ಅಲೆದದ್ದೇನು, ಕೊನೆಗೆ ಇಂಥ ಮಾತು ಕೇಳಿಸಿಕೊಳ್ಳುವುದೇನು! ಎರಡು ದಿನ ಮಂಚಮ್ಮನ ಮೇಲೆ ಸಿಟ್ಟು ಮಾಡಿಕೊಂಡು ಕೂತರು. ಮೂರನೆಯ ದಿನ ಸಿಟ್ಟು ತಾನಾಗಿ ಇಳಿಯಿತು. ಇಳಿದ ಮೇಲೆ ಉಳಿದದ್ದು ಇನ್ನೂ ಕೆಟ್ಟದ್ದು. ದೇವಯ್ಯನೂ ಸಾಯುವ ಹಿಂದಿನ ದಿನ ಇವರ ಮನೆ ಮುಂದೆ ಹಾದುಹೋಗುವಾಗ, ಹೇಗಿದ್ದೀಯೋ ಎಂದದ್ದಕ್ಕೆ, ಸೆಲ್ಯೂಟು ಹೊಡೆದು ಠೀಕ್ ಎಂದೇ ಹೋಗಿದ್ದ. ಪೆರೇಡಿನ ಸಾಲಿನಲ್ಲಿ ನಿಂತವರಲ್ಲಿ ಇನ್ನೆಷ್ಟು ಜನ ಹಾಗಿದ್ದಾರೋ!

ಮಂಚಮ್ಮ ಗಂಡನನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಬಂದಳು. ಮಾತ್ರೆ ಶುರುವಾಯಿತು, ನಿದ್ದೆ ಹತ್ತುತ್ತಿದೆ ಎಂದು ಕಿಕ್ಕೇರಿ ಬಸ್ಸಿನ ಕಂಡಕ್ಟರು ಹೇಳುತ್ತಿದ್ದ. ಚಲುವರಾಜು ಕಿಕ್ಕೇರಿಯ ದಿಕ್ಕಿಗೆ ತಲೆಯಿಟ್ಟೂ ಮಲಗಲಿಲ್ಲ.

ಅಷ್ಟರಲ್ಲಿ ಕರ್ನಲ್ ರಘುನಂದನ್ ಅವರಿಗೆ ಒಂದು ಉಮೇದು ಬಂತು. ಜನವರಿಯಲ್ಲಿ ಸೈನ್ಯದ ದಿನಾಚರಣೆಗೆ ಬೆಂಗಳೂರಿನಿಂದ ಬ್ರಿಗೇಡಿಯರ್ ಒಬ್ಬರು ಬರುವವರಿದ್ದರು. ಕಾರ್ಯಕ್ರಮದಿಂದ ಉಳಿದ ಜೀವ ಎಂದು ಮುದ್ದಯ್ಯನನ್ನು ವೇದಿಕೆಯ ಮೇಲೆ ನಿಲ್ಲಿಸಬೇಕು, ಅವನು ಎರಡು ಮಾತಾಡಬೇಕು, ಅವನ ಕೈಯಿಂದಲೇ ಚಲುವರಾಜು ಅವರಿಗೆ ಶಾಲು ಹೊದಿಸಬೇಕು. ಉಳಿಸಿದ್ದು ಬಟ್ಟೆ ಒಗೆಯುವ ಹೆಂಗಸರ ಸೀರೆ ಎಂದು ಯಾರೂ ಕರ್ನಲ್ಲರಿಗೆ ಹೇಳಿರಲಿಲ್ಲ. ಮುದ್ದಯ್ಯನಿಗೆ ಹುಕುಂ ಹೋಯಿತು. ಅಂದಿನಿಂದ ಅವನ ನಿದ್ದೆ ಮತ್ತೆ ಹಾರಿತು, ಮಾತ್ರೆಯನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ ಉಗುಳುತ್ತಿದ್ದಾನೆ ಎಂದು ಮಂಚಮ್ಮ ಅದೇ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದಳು. ಈ ಸಲ ಹಾರಿದರೆ ನಾಲೆಯ ಹತ್ತಿರ ಯಾರೂ ಇರುವುದಿಲ್ಲ, ನಿಮ್ಮವರಿಗೆ ಹೇಳಿ ತಪ್ಪಿಸಿ ಎಂದಿದ್ದಳು.

ಚಲುವರಾಜು ಶ್ರೀರಂಗಪಟ್ಟಣಕ್ಕೆ ಹೊರಟರು. ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಮಾತು ಜೋಡಿಸಿದರು. ಸರ್, ಅವನನ್ನು ಕರೆಯಬೇಡಿ. ಸರ್, ಈ ಪೆರೇಡೇ ತಪ್ಪು. ನಮ್ಮ ದರ್ಜೆ ಕಂಡರೆ ಅವರ ಬಾಯಿ ಕಟ್ಟುತ್ತದೆ, ನಾವು ದೂರ ಇರಬೇಕು ಸರ್. ಕರ್ನಲ್ಲರು ಹೂದೋಟದಲ್ಲಿ ಪೇಪರು ಓದುತ್ತ ಕೂತಿದ್ದರು. ಚಲುವರಾಜು ಎದುರಿಗೆ ಹೋಗಿ ನಿಂತರು.

"ಬನ್ನಿ ಸುಬೇದಾರ್ ಸಾಬ್. ಏನು, ಏರ್ಪಾಡಿಗೆ ಏನಾದರೂ ತೊಂದರೆಯೇ?"

"ನಹೀ ಸರ್."

"ಮುದ್ದಯ್ಯ ಬರ್ತಾನಲ್ಲ?"

"ಬರ್ತಾನೆ ಸರ್."

ಗೇಟು ದಾಟಿ ಹೊರಗೆ ಬಂದ ಮೇಲೆ ತಾವು ಏನು ಮಾಡಿದೆವೆಂದು ಅವರಿಗೆ ತಿಳಿಯಿತು. ನಾಲ್ಕು ತಾಲ್ಲೂಕಿನ ಗಂಡಸರ ಬಾಯಿ ಬಿಡಿಸಲು ಹೊರಟ ಮನುಷ್ಯನಿಗೆ ತನ್ನ ಬಾಯಿ ಬಿಡಲು ಬರಲಿಲ್ಲ. ಥೂ ಎಂದು ತಮಗೆ ತಾವೇ ಉಗಿದುಕೊಂಡರು. ಉಗಿದುಕೊಂಡರೇ ಹೊರತು ಒಳಕ್ಕೆ ವಾಪಸು ಹೋಗಲಿಲ್ಲ. ಅದನ್ನೂ ಹೇಳಿಬಿಡಬೇಕು.

ದಿನಾಚರಣೆಯ ಬೆಳಗ್ಗೆ ಅವರ ಸ್ಕೂಟರು ಶ್ರೀರಂಗಪಟ್ಟಣದ ಕಡೆ ಹೋಗಲಿಲ್ಲ. ಕಿಕ್ಕೇರಿಗೆ ಹೋಯಿತು. ಬರಬೇಡಿ ಎಂದಿದ್ದ ಮಂಚಮ್ಮನ ಮಾತು ಮೀರದೆ ಬೇರೆ ದಾರಿ ಕಾಣಲಿಲ್ಲ. ಮುದ್ದಯ್ಯ ತಯಾರಾಗಿ ಬೀದಿಯಲ್ಲೇ ನಿಂತಿದ್ದ. ಕೋಟು, ಎದೆಯ ಮೇಲೆ ಮೆಡಲು, ಹೊಳೆಯುವ ಶೂ. ಮುಖ ಮಾತ್ರ ಸುಣ್ಣ. ಇಸ್ತ್ರಿಯ ಬಟ್ಟೆಯೊಳಗೆ ಮೈ ಸಣ್ಣಗೆ ಅದುರುತ್ತಿತ್ತು. ಬಾಗಿಲಲ್ಲಿ ಮಂಚಮ್ಮ ಇವರನ್ನು ಕಂಡು ಹಣೆ ಚಚ್ಚಿಕೊಂಡಳು.

"ತಯ್ಯಾರ್ ಸಾಬ್!"

"ನೀನು ಬರೋದು ಬ್ಯಾಡ ಮುದ್ದಯ್ಯ."

"ಕರ್ನಲ್ ಸಾಬ್ ಆರ್ಡ್ರಾಗದೆ ಸಾಬ್."

"ಇದೊಂದ್ ಸಲ ಆರ್ಡ್ರು ಬುಡ್ಲಾ."

"ಬುಡಂಗಿಲ್ಲ ಸಾಬ್."

ಹೌದು, ಕರ್ನಲ್ಲರ ಹುಕುಮನ್ನು ಸುಬೇದಾರ ರದ್ದು ಮಾಡುವಂತಿಲ್ಲ. ಅದನ್ನು ಆ ಸಿಪಾಯಿಗೆ ಕಲಿಸಿದವರೇ ಇವರು. ಚಲುವರಾಜು ಅವರ ಕೈಯಲ್ಲಿ ಇದ್ದದ್ದು ಸಂಚಾಲಕರದೊಂದೇ ಅಧಿಕಾರ.

"ಅಂಗಾದ್ರೆ ಕೇಳು. ನಿನ್ನ ಪೆರೇಡಿನ ಸಾಲಿಂದ ತೆಗೆದಾಕಿದ್ದೀನಿ. ಇವತ್ತಿಂದ ನಿಂಗೆ ಪೆರೇಡಿಲ್ಲ, ಸಭೆ ಇಲ್ಲ. ನೀನು ಸಿಪಾಯಿ ಅಲ್ಲ, ನಾನು ನಿಂಗೆ ಸಾಬ್ ಅಲ್ಲ. ಹೋಗು, ಕೋಟು ಬಿಚ್ಚು."

ಮುದ್ದಯ್ಯನ ಬಾಯಿ ತೆರೆದುಕೊಂಡಿತು. ಬಗ್ಗಿ ತನ್ನ ಕಾಲು ನೋಡಿಕೊಂಡ. "ಯಾಕೆ ಸಾಬ್? ಶೂ ಸರಿ ಇಲ್ವಾ?"

ಚಲುವರಾಜು ಮುಖ ಕಲ್ಲು ಮಾಡಿಕೊಂಡು, "ನೀನು ಬ್ಯಾಡ ಅಂದೆ, ಅಷ್ಟೆ" ಎಂದರು.

ಮುದ್ದಯ್ಯ ಎದೆಯ ಮೆಡಲು ಕಿತ್ತು ಅವರ ಕಾಲ ಬುಡಕ್ಕೆ ಎಸೆದ.

"ಯಾವನ್ಲಾ ನೀನು ನನ್ನ ತೆಗೆಯಾಕೆ? ಲೇ ಚಲುವ! ಲಂಕೇಲಿ ಸತ್ತೋರ್ನ ಎಗಲ ಮ್ಯಾಲೆ ಒತ್ಕೊಂಡು ಬಂದೋನು ನಾನು ಕಣ್ಲಾ! ಒಂದಿನಾನಾದ್ರೂ ಅವ್ರ ಮಾತೆತ್ತಿದ್ಯಾ? ತಿಂಗ್ಳಾ ತಿಂಗ್ಳಾ ಗಡ್ಡ ನೋಡ್ದೆ, ಶೂ ನೋಡ್ದೆ, ನಮ್ಮಟ್ಟಿ ಕೋಳಿ ತಿಂದೆ! ಕಣ್ ಮುಚ್ಚುದ್ರೆ ಅವ್ರ ಮಕ ಬತ್ತದೆ ಕಣ್ಲಾ. ಬದುಕಾಕಾಗಲ್ಲ ಅನ್ನಂಗೆ ಆಯ್ತದೆ. ಯಾರ್ಗ್ಲಾ ಏಳ್ಲಿ ನಾನು? ಯಾರ್ಗೇಳ್ಲಿ?"

ಅಕ್ಕಪಕ್ಕದವರು ಬಾಗಿಲಿಗೆ ಬಂದರು. ಹಾಲಿನ ಕ್ಯಾನು ಹೊತ್ತವರು ನಿಂತು ನೋಡಿದರು. ಮುದ್ದಯ್ಯ ಅಳುತ್ತ ಬಯ್ಯುತ್ತಿದ್ದ, ಬಯ್ಯುತ್ತ ಅಳುತ್ತಿದ್ದ. ಅಪ್ಪ ಅಮ್ಮನ ಹೆಸರೂ ಬಂತು. ಸುಬೇದಾರರಾದ ಮೇಲೆ ಯಾರ ಬಾಯಿಂದಲೂ ಏಕವಚನ ಕೇಳದ ಚಲುವರಾಜು ಅವರ ಮುಖ ಕೆಂಪಾಗಿ ಕಪ್ಪಾಯಿತು. ಅತ್ತ ಶ್ರೀರಂಗಪಟ್ಟಣದಲ್ಲಿ ಶಾಲು ಕಾಯುತ್ತಿತ್ತು. ಇಷ್ಟು ಜನರ ಮುಂದೆ ಇನ್ನು ನಿಲ್ಲಲಾರೆ ಎನ್ನಿಸಿ ಸ್ಕೂಟರಿನ ಕಡೆ ತಿರುಗಿದರು. ಮಂಚಮ್ಮ ಓಡಿಬಂದು ಹ್ಯಾಂಡಲ್ ಹಿಡಿದುಕೊಂಡಳು. ಅವಳ ಕೆನ್ನೆ ಒದ್ದೆಯಾಗಿತ್ತು.

"ಓಗ್ಬ್ಯಾಡಿ. ಲಂಕೆಯಿಂದ ಬಂದಾಗಿಂದ ಇಷ್ಟು ಮಾತಾಡಿರ್ನಿಲ್ಲ. ನಿಮ್ಮ ಕಾಲಿಗ್ ಬೀಳ್ತೀನಿ, ಇನ್ನೊಂಚೂರು ಬೈಸ್ಕಳಿ."

ಚಲುವರಾಜು ಅಲ್ಲೇ ಜಗಲಿಯ ಕೆಳಗೆ, ನೆಲದ ಮೇಲೆ ಕೂತರು. ಮುದ್ದಯ್ಯ ಅವರ ಮುಂದೆ ನಿಂತುಕೊಂಡು ಬಯ್ಯುತ್ತಲೇ ಇದ್ದ.