ಕಟಕಟ ಅಂದ ಇಂಜಿನ್

ಕಾರಿನ ಇಂಜಿನ್ ಕಟಕಟ ಎಂದು ಬಡಿದುಕೊಳ್ಳಲು ಶುರುಮಾಡಿದ್ದು ನಿನ್ನೆ ಬೆಳಿಗ್ಗೆ, ನಾನು ಓಡಿಸುತ್ತಿದ್ದಾಗ. ಅಷ್ಟೇ ಸಾಕಾಯಿತು ನಮ್ಮ ಮಾವ ಆವಲಪ್ಪನವರಿಗೆ. ಸಂಜೆ ಡೇರಿಗೆ ಹಾಲು ಹಾಕಲು ಹೋದವರು ಊರಿಗೆಲ್ಲ ಸಾರಿಬಿಟ್ಟರು.

"ನಮ್ ಸೊಸೆ ಇಂಜಿನ್ನ ಮುಗಿಸ್ಬಿಟ್ಳು ಕಣ್ರಪ್ಪಾ. ಹೆಂಗಸ್ರ ಕೈಗೆ ಸ್ಟೇರಿಂಗ್ ಕೊಟ್ರೆ ಇನ್ನೇನಾಗುತ್ತೆ."

ನಾನು ಅಲ್ಲೇ ಸಾಲಿನಲ್ಲಿ ನಿಂತಿದ್ದೆ. ಮೈಯೆಲ್ಲ ಉರಿದುಹೋಯಿತು. ನಮ್ಮ ಕ್ಯಾಲನೂರಿನ ಹೆಂಗಸರು ಕೋಲಾರದ ಹತ್ತಿರ ಶೋಭಾರಾಣಿಯವರ ಟೊಮೆಟೊ ನರ್ಸರಿಗೆ ಕೆಲಸಕ್ಕೆ ಹೋಗುತ್ತಾರೆ. ಬರುವ ಸೋಮವಾರದಿಂದ ಅವರನ್ನು ದಿನಾ ಕರೆದೊಯ್ದು ಕರೆತರುವ ಕೆಲಸ ನನಗೆ ಸಿಕ್ಕಿತ್ತು. ಮದುವೆಯಾದ ಮೇಲೆ ನನ್ನದು ಅಂತ ಸಿಕ್ಕ ಮೊದಲ ಕೆಲಸ ಅದು. ಆ ಹೆಂಗಸರೂ ಅದೇ ಸಾಲಿನಲ್ಲಿದ್ದರು. ಗಂಗರತ್ನಮ್ಮ ನನ್ನ ಮುಖ ನೋಡದೆ, "ನಾವು ಬಸ್ಸಿಗೇ ಹೋಗ್ತೀವಿ ಬಿಡು ಸುನಂದಾ" ಎಂದರು.

ಮನೆಗೆ ಬಂದ ಮೇಲೆ ಮಾವ ಕಾರಿನ ಕೀ ಕಿತ್ತುಕೊಂಡರು. ನನ್ನ ಗಂಡ ಉಮೇಶ್ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

ಇವತ್ತು ಪಕ್ಕದ ಮನೆಯವರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ, ಮುಳಬಾಗಿಲು ರಸ್ತೆಯ ಗ್ಯಾರೇಜಿಗೆ ಕಾರು ಎಳೆಸಿಕೊಂಡು ಬಂದೆವು. ಎಳೆಯುವಾಗ ಸ್ಟೇರಿಂಗ್ ಹಿಡಿಯಲು ಮಾತ್ರ ನಾನು ಬೇಕಾದೆ. ಮೆಕ್ಯಾನಿಕ್ ಕದಿರೇಶ ಒಂದು ಸಲ ಸ್ಟಾರ್ಟ್ ಮಾಡಿ ಸದ್ದು ಕೇಳಿದ.

"ಗಾಡಿ ಓಡ್ಸೋರು ಯಾರು?"

ಮಾವ ನನ್ನ ಕಡೆ ಗದ್ದ ತೋರಿಸಿದರು.

"ಅದಕ್ಕೇ. ಬೇರಿಂಗ್ ಹೋಗಿದೆ ಯಜಮಾನ್ರೇ. ಇಂಜಿನ್ ಕೆಳಗಿಳಿಸ್ಬೇಕು."

"ಇಳಿಸೋದೇನೂ ಬೇಡ," ಎಂದರು ಮಾವ. "ಬಂದಷ್ಟಕ್ಕೆ ಮಾರಿಬಿಡೋಣ."

ನನಗೆ ತಡೆಯಲಾಗಲಿಲ್ಲ. "ಮೊನ್ನೆವರೆಗೂ ಒಂಚೂರೂ ಸದ್ದಿರ್ಲಿಲ್ಲ. ಬೇರಿಂಗ್ ಹೋಗಿದ್ರೆ ಆಯಿಲ್ ಲೈಟ್ ಉರೀಬೇಕಿತ್ತು, ಉರೀಲಿಲ್ಲ. ಹಿಂದ್ಗಡೆ ಬಿಳೀ ಹೊಗೆ ಬರ್ತಿತ್ತು. ಅದೆಲ್ಲಾ ಕೇಳ್ದೆ, ಓಡ್ಸೋರು ಯಾರು ಅಂತ ಕೇಳ್ತೀಯಲ್ಲಪ್ಪಾ? ಡೀಸೆಲ್ಲಲ್ಲೇ ಏನೋ ಇದೆ, ಮೊದ್ಲು ಡೀಸೆಲ್ ಫಿಲ್ಟರ್ ಬಿಚ್ಚು."

ಕದಿರೇಶ ನಕ್ಕ. ನಾನು ನಗಲಿಲ್ಲ. ಕೊನೆಗೆ ಬಿಚ್ಚಿದ. ಒಳಗಿದ್ದದ್ದನ್ನು ನನ್ನ ಅಂಗೈಗೆ ಸುರಿಸಿಕೊಂಡೆ. ಡೀಸೆಲ್ಲಾದರೆ ಜಿಡ್ಡಾಗಿ ನಿಲ್ಲಬೇಕು. ಇದು ತಣ್ಣಗೆ ತಾಗಿ, ನೋಡುತ್ತಿದ್ದ ಹಾಗೆ ಬಹುಪಾಲು ಆರಿಹೋಯಿತು. ನೀಲಿ ಬಣ್ಣದ ಎಣ್ಣೆ ಒಂದಿಷ್ಟು ಉಳಿಯಿತು. ಕದಿರೇಶ ಮೂಸಿ ನೋಡಿದ.

"ಪೆಟ್ರೋಲು ಅಕ್ಕಾ. ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿದ್ರೆ ಬಡ್ಕೊಳ್ದೆ ಏನ್ಮಾಡುತ್ತೆ."

ನೀಲಿ ಎಣ್ಣೆ ಬೆರೆಸಿದ ಪೆಟ್ರೋಲು ನಮ್ಮ ಮನೆಯಲ್ಲಿರುವುದು ಒಂದೇ ಕಡೆ. ದನದ ಕೊಟ್ಟಿಗೆಯಲ್ಲಿ ಎರಡು ಬಿಳಿ ಕ್ಯಾನುಗಳಿವೆ. ಒಂದರಲ್ಲಿ ಟಿಲ್ಲರಿಗೆ ಡೀಸೆಲ್, ಇನ್ನೊಂದರಲ್ಲಿ ಟೊಮೆಟೊ ತೋಟಕ್ಕೆ ಔಷಧಿ ಹೊಡೆಯುವ ಸ್ಪ್ರೇಯರಿಗೆ ಪೆಟ್ರೋಲು. ಬಂಕಿಗೆ ಹೋಗಲು ಸೋಮಾರಿತನವಾದಾಗ ಟಿಲ್ಲರಿನ ಡೀಸೆಲ್ಲನ್ನೇ ಕಾರಿಗೆ ಹಾಕುವುದು ನಮ್ಮಲ್ಲಿ ರೂಢಿ.

ಉಮೇಶ್ ಗ್ಯಾರೇಜಿನ ಬಾಗಿಲಲ್ಲಿ ಮೊಬೈಲ್ ನೋಡುತ್ತಾ ನಿಂತಿದ್ದರು.

"ರೀ, ನಿನ್ನೆ ಬೆಳಿಗ್ಗೆ ನೀವು ಕೊಟ್ಟಿಗೆ ಕ್ಯಾನಿಂದ ಕಾರಿಗೆ ಹಾಕಿದ್ದನ್ನ ನಾನು ನೋಡಿದ್ದೆ."

"ಎರಡೂ ಕ್ಯಾನ್ ಒಂದೇ ತರ ಕಣೇ. ಅವಸರದಲ್ಲಿದ್ದೆ."

"ಯಾವಾಗ ಗೊತ್ತಾಯ್ತು?"

ಮೊಬೈಲ್ ಜೇಬಿಗೆ ಹಾಕಿಕೊಂಡು, "ಸಂಜೆ ಔಷಧಿ ಹೊಡೆಯೋಕ್ ಹೋದಾಗ. ಪೆಟ್ರೋಲ್ ಕ್ಯಾನ್ ಖಾಲಿ ಇತ್ತು" ಎಂದರು.

ಸಂಜೆ. ಅಂದರೆ ಮಾವ ನನ್ನ ಕೈಯಿಂದ ಕೀ ಕಿತ್ತುಕೊಳ್ಳುವಾಗ ಈ ಮನುಷ್ಯನಿಗೆ ಗೊತ್ತಿತ್ತು. ಗೊತ್ತಿದ್ದೂ ಸಾರು ಕಲಸಿಕೊಂಡು ಉಂಡರು. ಅಲ್ಲೇ ಬಿದ್ದಿದ್ದ ಸ್ಪ್ಯಾನರ್ ಎತ್ತಿ ಎಸೆಯಬೇಕೆನಿಸಿತು. ಎಸೆಯಲಿಲ್ಲ, ಅಷ್ಟೆ.

ಕದಿರೇಶ ಟ್ಯಾಂಕನ್ನು ಪೂರ್ತಿ ಬಸಿದ, ಹೊಸ ಫಿಲ್ಟರ್ ಹಾಕಿದ, ಬಂಕಿನಿಂದ ಡೀಸೆಲ್ ತರಿಸಿ ತುಂಬಿದ, ಕೈಪಂಪು ಒತ್ತಿ ಒಳಗಿನ ಗಾಳಿ ತೆಗೆದ. ಸ್ಟಾರ್ಟ್ ಮಾಡಿದಾಗ ಮೊದಲು ಒಂದಿಷ್ಟು ಬಡಿದುಕೊಂಡಿತು. ಆಮೇಲೆ ಸದ್ದು ಪೂರ್ತಿ ನಿಂತಿತು. "ನಿಮ್ ಪುಣ್ಯ, ಇಂಜಿನ್ನಿಗೇನೂ ಆಗಿಲ್ಲ" ಎಂದ.

ಮಾವ ಮಗನ ಬೆನ್ನು ತಟ್ಟಿ ನಕ್ಕರು. "ಗಂಡಸ್ರಿಗೆ ನೂರೆಂಟ್ ಯೋಚ್ನೆ. ಒಂದೊಂದ್ಸಲ ಮರೆವಾಗುತ್ತೆ. ಹೋಗು ಉಮೇಶಾ, ನೀನೇ ಓಡ್ಸು."

"ನಾನು ಕೆಡಿಸಿದ್ರೆ ಹೆಂಗಸ್ರ ಕೈ, ಇವರು ಕೆಡಿಸಿದ್ರೆ ಮರೆವಾ ಮಾವ?"

"ಊರುಕೋಮ್ಮಾ," ಎಂದರು. ನನ್ನ ಬಾಯಿ ಮುಚ್ಚಿಸಬೇಕೆಂದಾಗಲೇ ಮಾವನಿಗೆ ತೆಲುಗು ಬರುತ್ತದೆ.

ನಾನು ಬಾಯಿ ಮುಚ್ಚಿದೆ. ಉಮೇಶ್ ಬರುವ ಮೊದಲೇ ಹೋಗಿ ಡ್ರೈವರ್ ಸೀಟಿನಲ್ಲಿ ಕುಳಿತೆ. ಕೀ ಅದರಲ್ಲೇ ಇತ್ತು. ಇಬ್ಬರೂ ಬಂದು ಹಿಂದೆ ಕುಳಿತರು.

ಊರು ಸೇರಿದಾಗ ಸಂಜೆ ಹಾಲಿನ ಹೊತ್ತು. ಮನೆಯ ಕಡೆ ತಿರುಗದೆ ನೇರ ಡೇರಿಯ ಮುಂದೆ ನಿಲ್ಲಿಸಿದೆ. ಸಾಲು ಉದ್ದವಾಗಿತ್ತು.

"ಇಳೀರಿ," ಎಂದೆ ಉಮೇಶ್‌ಗೆ. "ಏನಾಯ್ತು ಅಂತ ಹೇಳಿ."

"ಇಲ್ಲಿ ಬೇಡ ಕಣೇ. ಮನೇಲಿ ಮಾತಾಡೋಣ."

"ಮನೇಲಿ ಮಾತಾಡೋಕೆ ನಿನ್ನೆ ಊಟದ ಹೊತ್ತಿತ್ತು. ನೀವು ಮಾತಾಡ್ಲಿಲ್ಲ."

ಇಳಿದರು. ನೆಲ ನೋಡುತ್ತಾ, ಪೆಟ್ರೋಲು ಹಾಕಿದ್ದು ಅಂತ ಏನೋ ಗೊಣಗಿದರು.

"ಕೇಳಿಸ್ಲಿಲ್ಲ ಉಮೇಶಾ. ಯಾರು ಹಾಕಿದ್ದು?" ಸಾಲಿನಿಂದ ಗಂಗರತ್ನಮ್ಮ ಕೇಳಿದರು.

"ನಾನೇ ಹಾಕಿದ್ದು. ಡೀಸೆಲ್ ಅಂತ ಪೆಟ್ರೋಲ್ ಹಾಕ್ಬಿಟ್ಟೆ. ಅವಳದೇನೂ ತಪ್ಪಿಲ್ಲ."

ಹಿಂದೆ ಕುಳಿತಿದ್ದ ಮಾವ ಕಿಟಕಿಯ ಗಾಜು ಏರಿಸಿಕೊಂಡರು. ಗಂಗರತ್ನಮ್ಮ ಕಾರಿನ ಹತ್ತಿರ ಬಂದು, "ಸೋಮವಾರ ಎಷ್ಟೊತ್ತಿಗೆ ಹೊರಡ್ತೀಯಾ ಸುನಂದಾ?" ಎಂದರು.

"ಏಳಕ್ಕೆ."

ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ. ಉಮೇಶ್ ಹತ್ತಲು ಬಾಗಿಲಿಗೆ ಕೈ ಹಾಕಿದಾಗ ನಾನು ಗೇರ್ ಹಾಕಿದೆ.

"ನೀವು ನಡ್ಕೊಂಡು ಬನ್ನಿ," ಎಂದೆ.